ಪ್ಲಾಸ್ಟಿಕ್ ಸ್ಟ್ರಾದ ಬದಲಿಗೆ ಏನು? ಯಾರಿಗೆ?

ಆಹಾರದ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ಏನನ್ನು ತಿನ್ನಬೇಕು, ಏನನ್ನು ಕುಡಿಯಬೇಕು ಎಂಬುದನ್ನು ಮಾತ್ರ. ಆಯುರ್ವೇದದ ಆಚಾರ್ಯರು ಅಷ್ಟಕ್ಕೇ ನಿಲ್ಲಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಹಾರ ಸೇವನೆಯ ಒಳಿತು ಕೆಡುಕುಗಳನ್ನು ನಿರ್ಧರಿಸುವ ಎಂಟು ಅಂಶಗಳನ್ನು ಹೇಳಲಾಗಿದೆ. ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ ಎಂಬ ಆರು ಅಂಶಗಳ ನಂತರ ಬರುವ ಕೊನೆಯ ಎರಡು ಉಪಯೋಗಸಂಸ್ಥಾ ಮತ್ತು ಉಪಯೋಕ್ತೃ. ಸೇವಿಸುವ ಕ್ರಮ ಹೇಗಿರಬೇಕು, ಸೇವಿಸುವ ವ್ಯಕ್ತಿ ಯಾರು ಎಂಬುದು ಇವುಗಳ ಅರ್ಥ. ಒಂದೇ ಪದಾರ್ಥ ಒಬ್ಬರಿಗೆ ಹಿತ, ಮತ್ತೊಬ್ಬರಿಗೆ ಅಹಿತ. ಒಂದೇ ಪಾನೀಯವನ್ನು ನಿಧಾನವಾಗಿ ಕುಡಿದರೆ ಹಿತ, ಗಟಗಟನೆ ಕುಡಿದರೆ ಅಹಿತ. ಈ ವಿವೇಕವನ್ನು ಮುಂದಿಟ್ಟುಕೊಂಡು, ನೋಡಲು ಬಹು ಚಿಕ್ಕದಾದ ಒಂದು ವಸ್ತುವನ್ನು ಈ ತಿಂಗಳು ವಿಚಾರಿಸೋಣ. ಅದು ತಿಂಡಿ ಅಂಗಡಿಯ ಕೌಂಟರ್‌ನಲ್ಲಿ ತಂಪು ಪಾನೀಯದೊಡನೆ ಕೈಗೆ ಬರುವ ಹೀರುಗೊಳವೆ, ಅಂದರೆ ಸ್ಟ್ರಾ.

ಹಲಸೂರು ಮತ್ತು ಇಂದಿರಾನಗರಗಳ ನಡುವೆ ಇರುವ ನಮ್ಮ ಜೋಗುಪಾಳ್ಯದಲ್ಲಿ ಹಣ್ಣಿನ ರಸದ ಅಂಗಡಿ, ಎಳನೀರಿನ ಗಾಡಿ, ಬರ್ಗರ್ ಮತ್ತು ಮಿಲ್ಕ್‌ಶೇಕ್ ಮಾರುವ ಮಳಿಗೆ ಇವೆಲ್ಲ ಕೆಲವೇ ಹೆಜ್ಜೆಗಳ ಅಂತರದಲ್ಲಿವೆ. ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದ ಮೇಲೆ ಈ ಅಂಗಡಿಗಳಲ್ಲಿ ಕಾಗದದ ಸ್ಟ್ರಾ ಬಂದಿತು, ಕೆಲವೆಡೆ ಬಿದಿರಿನದು, ಕೆಲವೆಡೆ ‘ಮಣ್ಣಿನಲ್ಲಿ ಕರಗುತ್ತದೆ’ ಎಂಬ ಚೀಟಿ ಹೊತ್ತದ್ದು. ಕೆಲವೆಡೆ ಹಳೆಯದೇ ಮುಂದುವರಿದಿದೆ. ‘ಡಾಕ್ಟ್ರೇ, ಮಕ್ಕಳಿಗೆ ಇವುಗಳಲ್ಲಿ ಯಾವುದು ಒಳ್ಳೆಯದು?’ ಎಂದು ತಾಯಂದಿರು ಕೇಳುತ್ತಾರೆ. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಮೊದಲು ಯಾರಿಗೆ ಬೇಕು ಎಂದು ಕೇಳಿ, ಆಮೇಲೆ ಯಾವುದು ಎಂದು ಕೇಳಿದರೆ ಉತ್ತರ ಸುಲಭವಾಗುತ್ತದೆ.

ಕೊಳವೆಯ ಪೂರ್ವಕಥೆ

ಕೊಳವೆಯಿಂದ ಹೀರುವುದು ಹೊಸ ಪದ್ಧತಿಯಲ್ಲ. ಇಂದಿನ ಇರಾಕ್ ದೇಶದಲ್ಲಿದ್ದ ಪ್ರಾಚೀನ ಸುಮೇರಿಯ ಜನರು ಉದ್ದನೆಯ ಕೊಳವೆಗಳಿಂದ ಗಡಿಗೆಯ ಪಾನೀಯವನ್ನು ಹೀರುತ್ತಿದ್ದರೆಂಬುದು ಅವರ ಮುದ್ರೆಗಳ ಮೇಲಿನ ಚಿತ್ರಗಳಿಂದ ತಿಳಿಯುತ್ತದೆ. ನಮ್ಮ ದೇಶದ ವೈದ್ಯರಿಗೂ ಕೊಳವೆ ಪರಿಚಿತ ಸಾಧನವೇ ಆಗಿತ್ತು. ಸುಶ್ರುತಾಚಾರ್ಯರು ಹೇಳಿದ 101 ಯಂತ್ರಗಳಲ್ಲಿ 20 ನಾಡೀಯಂತ್ರಗಳು, ಅಂದರೆ ಕೊಳವೆಯಾಕಾರದವು. ಔಷಧದ ಹೊಗೆಯನ್ನು ಸೇವಿಸುವ ಧೂಮನೇತ್ರವೆಂಬ ಕೊಳವೆಯ ಬಗ್ಗೆ ಚರಕರು ಬಹಳ ಖಚಿತವಾಗಿ ಹೇಳುತ್ತಾರೆ. ಅದು ನೇರವಾಗಿರಬೇಕು, ತುದಿಯ ರಂಧ್ರ ಇಷ್ಟೇ ಇರಬೇಕು, ಅದನ್ನು ಮಾಡುವ ದ್ರವ್ಯ ಇಂಥದ್ದಾಗಿರಬೇಕು. ಉದ್ದವಾದರೋ ಚಿಕಿತ್ಸೆಯ ಉದ್ದೇಶಕ್ಕೆ ತಕ್ಕಂತೆ 24, 32 ಅಥವಾ 36 ಅಂಗುಲ. ಈ ಅಂಗುಲವನ್ನು ಅಳೆಯುವುದು ಸೇವಿಸುವವನ ಸ್ವಂತ ಬೆರಳಿನಿಂದ. ವ್ಯಕ್ತಿಯನ್ನು ನೋಡಿ ಸಾಧನವನ್ನು ಗೊತ್ತುಮಾಡುವ ಈ ಕ್ರಮ ಗಮನಾರ್ಹವಾದುದು.

ಇಂದಿನ ಸ್ಟ್ರಾದ ಇತಿಹಾಸ ತೀರ ಈಚಿನದು. ಇಂಗ್ಲಿಷಿನಲ್ಲಿ ಸ್ಟ್ರಾ ಎಂದರೆ ಒಣಹುಲ್ಲಿನ ದಂಟು. ಪಶ್ಚಿಮದ ದೇಶಗಳಲ್ಲಿ ರೈ ಎಂಬ ಧಾನ್ಯದ ಟೊಳ್ಳು ದಂಟಿನಿಂದ ಪಾನೀಯ ಹೀರುತ್ತಿದ್ದರು. ಅದು ಬೇಗ ಮೆತ್ತಗಾಗುತ್ತಿತ್ತು, ಹುಲ್ಲಿನ ರುಚಿ ಬಿಡುತ್ತಿತ್ತು. ಅಮೆರಿಕದ ಮಾರ್ವಿನ್ ಸ್ಟೋನ್ ಎಂಬುವರು ಕಾಗದವನ್ನು ಸುರುಳಿ ಸುತ್ತಿ ಮೇಣ ಲೇಪಿಸಿದ ಕೊಳವೆಗೆ 1888ರಲ್ಲಿ ಹಕ್ಕುಪತ್ರ ಪಡೆದರು. 1937ರಲ್ಲಿ ಜೋಸೆಫ್ ಫ್ರೀಡ್‌ಮನ್ ಎಂಬುವರು ಬಾಗುವ ಸ್ಟ್ರಾಕ್ಕೆ ಹಕ್ಕುಪತ್ರ ಪಡೆದರು. ಈ ಬಾಗುವ ಸ್ಟ್ರಾವನ್ನು ಮೊದಮೊದಲು ಕೊಂಡವರಲ್ಲಿ ಆಸ್ಪತ್ರೆಗಳು ಸೇರಿದ್ದವು. ಮಲಗಿದ ರೋಗಿ ತಲೆಯೆತ್ತದೆ ನೀರು ಕುಡಿಯಲು ಅದು ನೆರವಾಗುತ್ತಿತ್ತು. ಪ್ಲಾಸ್ಟಿಕ್ ಬಂದುದು ಅದರ ನಂತರ. ಅಗ್ಗವಾದುದರಿಂದ ಅದು ರೋಗಿಯ ಹಾಸಿಗೆಯಿಂದ ಅಂಗಡಿಯ ಕೌಂಟರ್‌ಗೆ ಬಂದಿತು; ಬೇಕಾದವರಿಗೂ ಬೇಡದವರಿಗೂ ಸಮನಾಗಿ ಹಂಚಿಕೆಯಾಯಿತು.

ಕಾನೂನು ಏನು ಹೇಳುತ್ತದೆ?

ಪ್ಲಾಸ್ಟಿಕ್ ನಿಷೇಧದಲ್ಲಿ ಕರ್ನಾಟಕ ಮುಂಚೂಣಿಯಲ್ಲಿತ್ತು. 2016ರ ಮಾರ್ಚ್‌ನಲ್ಲಿಯೇ ನಮ್ಮ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಮುಂತಾದವನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು 2021ರ ಆಗಸ್ಟ್ 12ರಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರಂತೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸ್ಟ್ರಾ, ಕಲಕುವ ಕಡ್ಡಿ, ಲೋಟ, ತಟ್ಟೆ, ಚಮಚ, ಐಸ್‌ಕ್ರೀಮ್ ಕಡ್ಡಿ ಇವುಗಳ ತಯಾರಿಕೆ, ಮಾರಾಟ, ಬಳಕೆಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಪೊಟ್ಟಣದಲ್ಲಿ ಹಣ್ಣಿನ ರಸ, ಹಾಲಿನ ಪಾನೀಯ ಮಾರುವ ದೊಡ್ಡ ಸಂಸ್ಥೆಗಳು ಹೆಚ್ಚಿನ ಕಾಲಾವಕಾಶ ಕೇಳಿದವು. ಸರ್ಕಾರ ಒಪ್ಪಲಿಲ್ಲ. ಆ ಪೊಟ್ಟಣಗಳಿಗೆ ಅಂಟಿಸಿದ ಪುಟ್ಟ ಸ್ಟ್ರಾ ಕಾಗದದ್ದಾದುದು ಹೀಗೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಗೊಬ್ಬರವಾಗಬಲ್ಲ ಪ್ಲಾಸ್ಟಿಕ್‌ಗೆ ಈ ನಿಷೇಧ ಅನ್ವಯಿಸುವುದಿಲ್ಲ; ಆದರೆ ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಆದುದರಿಂದ ಪ್ಲಾಸ್ಟಿಕ್‌ನಂತೆಯೇ ಕಾಣುವ ಸ್ಟ್ರಾವನ್ನು ಅಂಗಡಿಯವರು ಕೊಟ್ಟರೆ, ಪೆಟ್ಟಿಗೆಯ ಮೇಲೆ ಆ ಪ್ರಮಾಣಪತ್ರದ ಉಲ್ಲೇಖ ಇದೆಯೇ ಎಂದು ಕೇಳುವ ಅಧಿಕಾರ ನಮಗಿದೆ. ಹಸಿರು ಬಣ್ಣ, ಎಲೆಯ ಚಿತ್ರ ಇವು ಪ್ರಮಾಣವಾಗಲಾರವು.

ಇಷ್ಟು ಚಿಕ್ಕ ವಸ್ತುವಿನಿಂದ ಏನು ಕೇಡು?

ಪ್ಲಾಸ್ಟಿಕ್ ಸ್ಟ್ರಾದ ಕೇಡು ಅದರ ಚಿಕ್ಕತನದಲ್ಲಿಯೇ ಇದೆ. ಒಂದು ಸ್ಟ್ರಾ ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಒಂದು ಕಿಲೋ ಆಗಬೇಕಾದರೆ ಎರಡು ಸಾವಿರಕ್ಕೂ ಹೆಚ್ಚು ಸ್ಟ್ರಾಗಳನ್ನು ಹೆಕ್ಕಬೇಕು. ಚಿಂದಿ ಆಯುವವರು ಬಾಟಲಿಯನ್ನು ಬಿಡುವುದಿಲ್ಲ, ಏಕೆಂದರೆ ಅದಕ್ಕೆ ಗುಜರಿಯಲ್ಲಿ ಬೆಲೆಯುಂಟು. ಸ್ಟ್ರಾವನ್ನು ಬಗ್ಗಿ ಎತ್ತುವ ಶ್ರಮಕ್ಕೂ ಬೆಲೆ ಸಿಗದು. ಹೀಗಾಗಿ ಅದು ಬಿದ್ದಲ್ಲೇ ಉಳಿಯುತ್ತದೆ, ಮಳೆ ಬಂದಾಗ ಚರಂಡಿಗೆ ಸೇರುತ್ತದೆ, ಚರಂಡಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ ಹೋಗುತ್ತದೆ. ಎಂದೂ ಕೊಳೆಯುವುದಿಲ್ಲ, ಬಿಸಿಲಿಗೆ ಒಡೆದು ಸಣ್ಣ ಸಣ್ಣ ಚೂರಾಗುತ್ತದೆ ಅಷ್ಟೆ.

ಬೆಂಗಳೂರಿನ ಪೂರ್ವ ಭಾಗದವರಾದ ನಾವು ಮಂಡೂರನ್ನು ಮರೆಯಬಾರದು. ಕೃಷ್ಣರಾಜಪುರದ ಆಚೆಗಿರುವ ಆ ಗ್ರಾಮದಲ್ಲಿ ನಗರದ ಕಸವನ್ನು ವರ್ಷಗಟ್ಟಲೆ ಸುರಿಯಲಾಯಿತು. ದುರ್ವಾಸನೆ, ನೊಣ, ಕೆಟ್ಟ ಅಂತರ್ಜಲಗಳಿಂದ ಬೇಸತ್ತ ಗ್ರಾಮಸ್ಥರು ಬೀದಿಗಿಳಿದು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ನಾವು ಐದು ನಿಮಿಷ ಬಳಸಿ ಬಿಸಾಡಿದ ಸಾಮಾನು ಇನ್ನೊಬ್ಬರ ಮನೆಯ ಬಾವಿಯ ಪಕ್ಕದಲ್ಲಿ ಬೆಟ್ಟವಾಗಿ ನಿಂತಿತ್ತು. ಆ ಬೆಟ್ಟದಲ್ಲಿ ಸ್ಟ್ರಾದ ಪಾಲು ಅತ್ಯಲ್ಪವೇ ಇರಬಹುದು. ಆದರೆ ಬೇಡದ್ದನ್ನು ಬೇಡವೆನ್ನುವ ಅಭ್ಯಾಸ ಚಿಕ್ಕದರಿಂದಲೇ ಆರಂಭವಾಗಬೇಕಲ್ಲವೇ?

ಕಸ ಕಡಲನ್ನು ಸೇರಿದಾಗ ಏನಾಗುತ್ತದೆ ಎಂಬುದನ್ನು 2015ರಲ್ಲಿ ಜಗತ್ತು ಕಂಡಿತು. ಕೋಸ್ಟರೀಕಾ ದೇಶದ ಕಡಲಿನಲ್ಲಿ ಸಂಶೋಧಕರು ಒಂದು ಆಮೆಯ ಮೂಗಿನೊಳಗೆ ಸಿಕ್ಕಿಕೊಂಡಿದ್ದ ಸ್ಟ್ರಾವನ್ನು ಇಕ್ಕಳದಿಂದ ಎಳೆದು ತೆಗೆದ ದೃಶ್ಯ ಕೋಟ್ಯಂತರ ಜನರನ್ನು ತಲಪಿತು. ಅದು ಆಲಿವ್ ರಿಡ್ಲಿ ಜಾತಿಯ ಆಮೆ. ಅದೇ ಜಾತಿಯ ಆಮೆಗಳು ನಮ್ಮ ಉತ್ತರ ಕನ್ನಡದ ಕಡಲತೀರಕ್ಕೂ ಮೊಟ್ಟೆಯಿಡಲು ಬರುತ್ತವೆ. ಸಕಲ ಜೀವಾತ್ಮರಿಗೂ ಲೇಸನ್ನು ಬಯಸುವ ಪರಂಪರೆಯ ನಮಗೆ ಇದು ದೂರದ ಸುದ್ದಿಯಾಗಲಾರದು.

ಹೀರಿ ಕುಡಿಯುವುದರಿಂದ ದೇಹಕ್ಕೆ ಏನಾಗುತ್ತದೆ?

ಈಗ ವೈದ್ಯಕೀಯ ವಿಚಾರಕ್ಕೆ ಬರೋಣ. ಸ್ಟ್ರಾದಿಂದ ಹೀರುವಾಗ ಕೊಳವೆಯೊಳಗಿನ ಗಾಳಿಯೂ ಪಾನೀಯದೊಡನೆ ಹೊಟ್ಟೆಗೆ ಹೋಗುತ್ತದೆ. ಲೋಟದ ತಳದಲ್ಲಿ ಸೊರಸೊರನೆ ಸದ್ದು ಬರುವವರೆಗೂ ಹೀರುವ ಮಕ್ಕಳು ಇನ್ನೂ ಹೆಚ್ಚು ಗಾಳಿ ನುಂಗುತ್ತಾರೆ. ಪದೇ ಪದೇ ತೇಗು, ಹೊಟ್ಟೆಯುಬ್ಬರ ಇರುವವರಿಗೆ ‘ಸ್ಟ್ರಾ ಬಿಡಿ, ಸೋಡಾ ಬಿಡಿ, ಅವಸರದಲ್ಲಿ ಕುಡಿಯಬೇಡಿ’ ಎಂದು ಆಧುನಿಕ ವೈದ್ಯರೂ ಹೇಳುತ್ತಾರೆ. ಆಧ್ಮಾನ ಮತ್ತು ಉದ್ಗಾರಗಳಲ್ಲಿ ವಾತದ ಗತಿಯನ್ನು ಸರಿಪಡಿಸಬೇಕೆನ್ನುವ ನಮ್ಮ ಶಾಸ್ತ್ರದ ದೃಷ್ಟಿಯೂ ಇದೇ.

ಎರಡನೆಯದು, ವೇಗ ಮತ್ತು ಪ್ರಮಾಣ. ಅತಿ ಬೇಗ ಉಣ್ಣಬಾರದು, ಅತಿ ನಿಧಾನವಾಗಿಯೂ ಉಣ್ಣಬಾರದು, ಮಾತು ನಗೆಗಳನ್ನು ಬಿಟ್ಟು ಮನಸ್ಸಿಟ್ಟು ಉಣ್ಣಬೇಕು ಎಂಬುದು ಚರಕರ ವಿಧಿ. ದೊಡ್ಡ ಲೋಟ, ಮೇಲೊಂದು ಮುಚ್ಚಳ, ಅದರೊಳಗೊಂದು ಸ್ಟ್ರಾ ಇದ್ದರೆ ಪಾನೀಯ ಕಣ್ಣಿಗೆ ಕಾಣುವುದಿಲ್ಲ. ನಡೆಯುತ್ತಾ, ಮೊಬೈಲ್ ನೋಡುತ್ತಾ ಕುಡಿಯುವ ಅಭ್ಯಾಸಕ್ಕೆ ಅದು ಅನುಕೂಲ. ಎಷ್ಟು ಸಕ್ಕರೆ ಒಳಹೋಯಿತೆಂಬ ಲೆಕ್ಕ ತಪ್ಪುತ್ತದೆ. ಲೋಟವನ್ನು ತುಟಿಗಿಟ್ಟಾಗ ವಾಸನೆ, ತಂಪು, ಬಣ್ಣ ಎಲ್ಲವೂ ಅರಿವಿಗೆ ಬರುತ್ತವೆ. ಸಾಕು ಎನಿಸುವುದೂ ತಿಳಿಯುತ್ತದೆ.

ಸ್ಟ್ರಾದ ಪರವಾಗಿ ಹೇಳಬೇಕಾದುದನ್ನೂ ಹೇಳಬೇಕು. ಹುಳಿ ಮತ್ತು ಸಿಹಿ ಪಾನೀಯವನ್ನು ಸ್ಟ್ರಾದಿಂದ ಬಾಯಿಯ ಹಿಂಭಾಗಕ್ಕೆ ಹೀರಿದರೆ ಮುಂದಿನ ಹಲ್ಲುಗಳಿಗೆ ಅದರ ಸಂಪರ್ಕ ಕಡಿಮೆಯಾಗುತ್ತದೆ ಎಂದು ದಂತವೈದ್ಯರು ಹೇಳುತ್ತಾರೆ. ಅದು ನಿಜ. ಆದರೆ ಅಂಥ ಪಾನೀಯವನ್ನು ಅಪರೂಪಕ್ಕೆ ಕುಡಿದು, ಆಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿದರೆ ಹಲ್ಲಿಗೆ ಅದಕ್ಕಿಂತ ಹೆಚ್ಚಿನ ರಕ್ಷಣೆ. ಇನ್ನು, ಹಲ್ಲು ಕೀಳಿಸಿದ ಕೆಲವು ದಿನ ಸ್ಟ್ರಾವನ್ನು ಯಾರೂ ಬಳಸಬಾರದು. ಹೀರುವ ಸೆಳೆತಕ್ಕೆ ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ತೀವ್ರ ನೋವುಂಟಾಗಬಹುದು.

ಬದಲಿಗಳ ಗುಣದೋಷ

ಕಾಗದದ ಸ್ಟ್ರಾ: ಈಗ ಎಲ್ಲೆಡೆ ಕಾಣುವುದು ಇದೇ. ಮಣ್ಣಿಗೆ ಪ್ಲಾಸ್ಟಿಕ್‌ಗಿಂತ ಒಳ್ಳೆಯದು. ಆದರೆ ಕಾಗದ ನೀರಿನಲ್ಲಿ ನಿಲ್ಲಬೇಕಾದರೆ ಅಂಟು ಬೇಕು, ನೀರನ್ನು ತಡೆಯುವ ರಾಸಾಯನಿಕ ಬೇಕು. ಬೆಲ್ಜಿಯಂ ದೇಶದ ಸಂಶೋಧಕರು ಅಲ್ಲಿನ ಮಾರುಕಟ್ಟೆಯ 39 ಬಗೆಯ ಸ್ಟ್ರಾಗಳನ್ನು ಪರೀಕ್ಷಿಸಿ 2023ರಲ್ಲಿ ವರದಿ ಪ್ರಕಟಿಸಿದರು. ಪಿಎಫ್‌ಎಎಸ್ ಎಂಬ, ಪರಿಸರದಲ್ಲಿ ಬಹುಕಾಲ ಕರಗದೆ ಉಳಿಯುವ ರಾಸಾಯನಿಕಗಳ ಅಂಶ 20 ಕಾಗದದ ಸ್ಟ್ರಾಗಳಲ್ಲಿ 18ರಲ್ಲಿ, 5 ಬಿದಿರಿನ ಸ್ಟ್ರಾಗಳಲ್ಲಿ 4ರಲ್ಲಿ ಕಂಡುಬಂದಿತು. ಪರೀಕ್ಷಿಸಿದ ಉಕ್ಕಿನ ಸ್ಟ್ರಾಗಳಲ್ಲಿ ಒಂದರಲ್ಲಿಯೂ ಕಾಣಲಿಲ್ಲ. ಪ್ರಮಾಣ ಬಹಳ ಕಡಿಮೆ, ಅಪರೂಪಕ್ಕೆ ಬಳಸುವವರಿಗೆ ಅಪಾಯ ಹೆಚ್ಚಿಲ್ಲ ಎಂದೂ ಆ ಸಂಶೋಧಕರೇ ತಿಳಿಸಿದ್ದಾರೆ. ಆದ್ದರಿಂದ ಹೆದರುವ ಕಾರಣವಿಲ್ಲ. ಕಾಗದ ಎಂದಾಕ್ಷಣ ನಿರ್ದೋಷ ಎಂದು ನಂಬಿ ದಿನನಿತ್ಯ ಬಳಸುವ ಅಥವಾ ಮಗುವಿಗೆ ಅದನ್ನು ಅಗಿಯಲು ಬಿಡುವ ಕಾರಣವೂ ಇಲ್ಲ.

ಮತ್ತೊಂದು ಪಾಠ ಬ್ರಿಟನ್ನಿನದು. ಅಲ್ಲಿನ ಮೆಕ್‌ಡೊನಾಲ್ಡ್ಸ್ ಮಳಿಗೆಗಳು 2018ರಲ್ಲಿ ಪ್ಲಾಸ್ಟಿಕ್ ಬಿಟ್ಟು ಕಾಗದದ ಸ್ಟ್ರಾ ಕೊಡಲು ಆರಂಭಿಸಿದವು. ಮೆತ್ತಗಾಗುತ್ತದೆ ಎಂದು ಗಿರಾಕಿಗಳು ದೂರಿದಾಗ ಅದನ್ನು ದಪ್ಪ ಮಾಡಿದರು. ದಪ್ಪವಾದ ಸ್ಟ್ರಾವನ್ನು ಮರುಬಳಕೆಗೆ ಒಳಪಡಿಸಲಾಗುತ್ತಿಲ್ಲ ಎಂಬುದು 2019ರಲ್ಲಿ ಬಯಲಾಯಿತು. ಎಸೆಯುವ ವಸ್ತುವಿನ ಬದಲಿಗೆ ಎಸೆಯುವ ವಸ್ತುವನ್ನೇ ತಂದರೆ ಇಂಥ ತೊಡಕು ತಪ್ಪದು.

ಜೋಳ, ಕಬ್ಬು ಮುಂತಾದವುಗಳ ಪಿಷ್ಟ ಮತ್ತು ಸಕ್ಕರೆಯಿಂದ ಮಾಡಿದ ‘ಗೊಬ್ಬರವಾಗುವ’ ಪ್ಲಾಸ್ಟಿಕ್: ಇದು ಕೊಳೆಯಲು ಸುಮಾರು 60 ಡಿಗ್ರಿ ಉಷ್ಣತೆಯಿರುವ ದೊಡ್ಡ ಗೊಬ್ಬರ ಘಟಕ ಬೇಕು. ಮನೆಯ ಗೊಬ್ಬರದ ಮಡಕೆಯಲ್ಲಿ, ಬೀದಿಯ ಚರಂಡಿಯಲ್ಲಿ, ಹಲಸೂರು ಕೆರೆಯಲ್ಲಿ ಆ ಉಷ್ಣತೆ ಇರುವುದಿಲ್ಲ. ಅಲ್ಲಿ ಇದೂ ಬಹುಕಾಲ ಹಾಗೆಯೇ ಬಿದ್ದಿರುತ್ತದೆ.

ಬಿದಿರು: ಒಳಭಾಗ ತೊಳೆಯುವುದು ಕಷ್ಟ, ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಒಬ್ಬರೇ ಬಳಸಿ, ಬ್ರಷ್ ಹಾಕಿ ತೊಳೆದು ಬಿಸಿಲಿಗೆ ಒಣಗಿಸುವುದಾದರೆ ಸರಿ. ಅಂಗಡಿಯಲ್ಲಿ ಹತ್ತಾರು ಜನರಿಗೆ ಅದನ್ನೇ ಕೊಡುವುದು ಸರಿಯಲ್ಲ.

ಉಕ್ಕು: ಶುಚಿತ್ವದ ದೃಷ್ಟಿಯಿಂದ ಉತ್ತಮ, ಕುದಿಸಬಹುದು. ಆದರೆ ಗಟ್ಟಿ ವಸ್ತು. ಬ್ರಿಟನ್ನಿನಲ್ಲಿ 2018ರಲ್ಲಿ ಒಬ್ಬ ಮಹಿಳೆ, ಮುಚ್ಚಳದಲ್ಲಿ ಸಿಕ್ಕಿಸಿದ ಲೋಹದ ಸ್ಟ್ರಾ ಇದ್ದ ಲೋಟವನ್ನು ಹಿಡಿದು ನಡೆಯುವಾಗ ಬಿದ್ದು, ಅದು ಚುಚ್ಚಿ ಮೃತಪಟ್ಟರು. ಆದುದರಿಂದ ಮಕ್ಕಳಿಗೆ, ನಡಿಗೆಯಲ್ಲಿ ತೂಕ ತಪ್ಪುವ ಹಿರಿಯರಿಗೆ, ಕಾರಿನಲ್ಲಿ ಕುಳಿತವರಿಗೆ ಉಕ್ಕಿನ ಸ್ಟ್ರಾ ಬೇಡ. ಬಿಸಿ ಪಾನೀಯಕ್ಕೂ ಬೇಡ, ತುಟಿ ಸುಡುತ್ತದೆ.

ಸಿಲಿಕೋನ್: ಮೆತ್ತಗೆ ಬಾಗುತ್ತದೆ, ಬಿಸಿ ತಡೆಯುತ್ತದೆ, ಕುದಿಸಿ ಮತ್ತೆ ಮತ್ತೆ ಬಳಸಬಹುದು. ಆಹಾರಕ್ಕೆ ಯೋಗ್ಯ ಎಂಬ ಗುರುತಿರುವುದನ್ನೇ ಕೊಳ್ಳಬೇಕು. ರೋಗಿಗಳಿಗೆ ಇದು ಅನುಕೂಲ.

ತೆಂಗಿನ ಗರಿ: ಇದು ನಮ್ಮ ಊರಿನಲ್ಲೇ ಹೊಳೆದ ಉಪಾಯ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸುವ ಡಾ. ಸಾಜಿ ವರ್ಗೀಸ್ ಅವರು 2017ರಲ್ಲಿ ಆವರಣದಲ್ಲಿ ಬಿದ್ದಿದ್ದ ಒಣಗಿದ ತೆಂಗಿನ ಗರಿಯೊಂದು ಸ್ಟ್ರಾದಂತೆ ಸುರುಳಿಯಾಗಿದ್ದುದನ್ನು ಕಂಡರು. ಅಲ್ಲಿಂದ ಪ್ರಯೋಗ ಆರಂಭಿಸಿ, ಗರಿಯನ್ನು ಆವಿಯಲ್ಲಿ ಶುದ್ಧಗೊಳಿಸಿ, ಅದರಲ್ಲಿಯೇ ಇರುವ ಮೇಣ ಮೇಲಕ್ಕೆ ಬರುವಂತೆ ಮಾಡಿ, ಪದರ ಪದರವಾಗಿ ಸುತ್ತಿ ಸ್ಟ್ರಾ ಮಾಡುವ ವಿಧಾನವನ್ನು ರೂಪಿಸಿದರು. ಹಳ್ಳಿಯ ಮಹಿಳೆಯರಿಗೆ ಇದರಿಂದ ಕೆಲಸವೂ ದೊರೆಯಿತು. ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದರಂತೆ ಗರಿ ಉದುರಿಸುತ್ತದೆ. ಪೊರಕೆಗೂ ಒಲೆಗೂ ಹೋಗಿ ಉಳಿದದ್ದನ್ನು ತೋಟದಲ್ಲೇ ಸುಡುವುದುಂಟು. ತುಮಕೂರು, ಹಾಸನಗಳ ತೆಂಗಿನ ಸೀಮೆಯಲ್ಲಿ ಬಂಧುಗಳಿರುವ ಭಕ್ತರು ಈ ಕಾಯಕವನ್ನು ಕುರಿತು ಆಲೋಚಿಸಬಹುದು. ಎಸೆಯುವ ಸ್ಟ್ರಾವನ್ನೇ ಕೊಡಬೇಕಾದ ಅಂಗಡಿಗೆ ನನ್ನ ಮೊದಲ ಸಲಹೆ ಇಂಥ ಸಸ್ಯಮೂಲದ್ದು.

ಹಳ್ಳಿಯ ಮಕ್ಕಳು ಪರಂಗಿ ಎಲೆಯ ಟೊಳ್ಳು ದಂಟಿನಿಂದ ನೀರು ಹೀರಿ ಆಡುವುದುಂಟು. ಅದರ ಹಾಲು ತುಟಿ, ಬಾಯಿಗಳಿಗೆ ಉರಿ ತರಬಲ್ಲದು. ಹರಳು ಗಿಡದ ದಂಟನ್ನಂತೂ ಬಾಯಿಗೆ ಇಡಲೇಬಾರದು. ಸಹಜವಾದುದೆಲ್ಲ ಸುರಕ್ಷಿತವಲ್ಲ ಎಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು.

ಯಾರಿಗೆ ಸ್ಟ್ರಾ ಬೇಕೇ ಬೇಕು?

ಆರೋಗ್ಯವಂತನಿಗೆ ಸ್ಟ್ರಾ ಒಂದು ಅಭ್ಯಾಸ. ಕೆಲವರಿಗೆ ಅದು ಕೈಯಷ್ಟೇ ಮುಖ್ಯ. ಕಂಪವಾತದಿಂದ ಕೈ ನಡುಗುವವರು, ಸಂಧಿವಾತದಿಂದ ಬೆರಳು ಮಡಿಸಲಾಗದವರು, ದವಡೆ ಮುರಿದು ಕಟ್ಟು ಹಾಕಿಸಿಕೊಂಡವರು, ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮಲಗಿರುವವರು, ಹುಟ್ಟಿನಿಂದಲೇ ಸ್ನಾಯುಗಳ ಹಿಡಿತವಿಲ್ಲದ ಮಕ್ಕಳು ಇವರೆಲ್ಲ ಸ್ಟ್ರಾ ಇಲ್ಲದೆ ಪರಾವಲಂಬಿಗಳಾಗುತ್ತಾರೆ. ನನ್ನ ಚಿಕಿತ್ಸಾಲಯಕ್ಕೆ ಬರುವ ಕಂಪವಾತದ ಹಿರಿಯರೊಬ್ಬರು ಸಂಜೆಯ ನಡಿಗೆಯ ನಂತರ ಹಣ್ಣಿನ ರಸ ಕುಡಿಯುವುದನ್ನು ನಿಲ್ಲಿಸಿಬಿಟ್ಟಿದ್ದರು. ‘ಸ್ಟ್ರಾ ಬ್ಯಾನ್ ಆಗಿದೆ ಸಾರ್, ಹಾಗೇ ಕುಡೀರಿ’ ಎಂದರಂತೆ ಅಂಗಡಿಯ ಹುಡುಗ. ನಾಲ್ಕು ಜನರ ಎದುರು ಅಂಗಿಯ ಮೇಲೆ ಚೆಲ್ಲಿಕೊಳ್ಳುವುದಕ್ಕಿಂತ ಮನೆಗೆ ಹೋಗುವುದೇ ಮೇಲು ಎನಿಸಿತಂತೆ ಅವರಿಗೆ. ಹುಡುಗನಲ್ಲಿ ದುರುದ್ದೇಶವಿರಲಿಲ್ಲ. ನಿಷೇಧವಾದುದು ಪ್ಲಾಸ್ಟಿಕ್ ಮಾತ್ರ, ಸ್ಟ್ರಾ ಅಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧ ಜಾರಿಯಾದಾಗ ಇಂಥವರನ್ನು ನೆನೆದು ವಿನಾಯಿತಿ ಇಡಲಾಯಿತು. ಔಷಧದ ಅಂಗಡಿಯಲ್ಲಿ ಅದು ದೊರೆಯುತ್ತದೆ; ಹೋಟೆಲಿನಲ್ಲಿ ಎದುರಿಗೆ ಇಡುವಂತಿಲ್ಲ, ಆದರೆ ಕೇಳಿದವರಿಗೆ ಕೊಡಬಹುದು. ‘ನಿಮಗೇನು ಕಾಯಿಲೆ’ ಎಂದು ವಿಚಾರಿಸುವ ಅಗತ್ಯವೂ ಇಲ್ಲ. ಪ್ಲಾಸ್ಟಿಕ್‌ನ ವಿಷಯದಲ್ಲಿ ನಮ್ಮ ಕಾನೂನನ್ನು ನಾವು ಪಾಲಿಸಲೇಬೇಕು. ಆದರೆ ಕೇಳಿದವರಿಗೆ, ಕಾರಣ ವಿಚಾರಿಸದೆ, ಯೋಗ್ಯವಾದ ಒಂದು ಸ್ಟ್ರಾ ಕೊಡುವ ಸೌಜನ್ಯವನ್ನು ನಾವೂ ಕಲಿಯಬಹುದು.

ಇಲ್ಲೊಂದು ಎಚ್ಚರಿಕೆಯನ್ನು ಮನೆಯವರು ನೆನಪಿಡಬೇಕು. ಪಕ್ಷಾಘಾತದ ನಂತರ ಕೆಲವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ನೀರು ಕುಡಿದಾಗ ಕೆಮ್ಮು, ಗಂಟಲಲ್ಲಿ ಗೊರಗೊರ ಸದ್ದು, ಧ್ವನಿ ಒದ್ದೆಯಾದಂತೆ ಕೇಳುವುದು ಇದರ ಲಕ್ಷಣ. ಇಂಥವರಿಗೆ ಸ್ಟ್ರಾದಿಂದ ಕುಡಿಸಿದರೆ ಒಮ್ಮೆಗೇ ಹೆಚ್ಚು ನೀರು ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ವೈದ್ಯರು ನುಂಗುವಿಕೆಯನ್ನು ಪರೀಕ್ಷಿಸಿ ಹೇಳುವವರೆಗೆ ಅವರಿಗೆ ಸ್ಟ್ರಾ ಕೊಡಬಾರದು.

ಅಂಗಡಿಯ ಕೌಂಟರ್‌ನಲ್ಲಿ ಏನು ಮಾಡಬಹುದು?

‘ವೇಗದ ಊಟದ ಅಂಗಡಿಗೆ ಎಸೆಯುವ ಸಾಮಾನು ಅನಿವಾರ್ಯ’ ಎಂಬ ಮಾತನ್ನು ಬೆಂಗಳೂರಿಗರು ಒಪ್ಪಬೇಕಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಂದಿನಿಂದ ನಿಂತು ತಿನ್ನುವ ದರ್ಶಿನಿಗಳು ನಮ್ಮ ನಗರದ ಗುರುತಾಗಿವೆ. ಅಲ್ಲಿ ಐದು ನಿಮಿಷದಲ್ಲಿ ಇಡ್ಲಿ, ವಡೆ, ಕಾಫಿ ಮುಗಿಸಿ ಹೋಗುವವರ ಕೈಯಲ್ಲಿ ಸ್ಟೀಲ್ ತಟ್ಟೆ, ಸ್ಟೀಲ್ ಲೋಟ. ತೊಳೆದು ಬಿಸಿನೀರಿನಲ್ಲಿ ಅದ್ದಿ ಮತ್ತೆ ಬಳಸುತ್ತಾರೆ. ಕಾಫಿಗೆ ಮುಚ್ಚಳವೂ ಬೇಕಾಗಲಿಲ್ಲ, ಸ್ಟ್ರಾವೂ ಬೇಕಾಗಲಿಲ್ಲ. ಮಲ್ಲೇಶ್ವರದ ‘ಈಟ್ ರಾಜಾ’ ಎಂಬ ಅಂಗಡಿ ಕಲ್ಲಂಗಡಿ, ಕರಬೂಜ ಮುಂತಾದ ಹಣ್ಣುಗಳ ಚಿಪ್ಪಿನಲ್ಲಿಯೇ ರಸ ಕೊಟ್ಟು ಹೆಸರಾಯಿತು. ಪಾತ್ರೆಯನ್ನು ಪಾನೀಯಕ್ಕೆ ತಕ್ಕಂತೆ ಆರಿಸುವುದು ಸುಶ್ರುತರ ಕಾಲದ ವಿಚಾರ. ನೀರು, ಪಾನಕಗಳನ್ನು ಮಣ್ಣಿನ ಪಾತ್ರೆಯಲ್ಲಿ, ಗಾಜು ಸ್ಫಟಿಕಗಳ ಪಾತ್ರೆಯಲ್ಲಿ ಕೊಡಬೇಕೆಂದು ಅವರು ಹೇಳಿದ್ದಾರೆ.

ಅಂಗಡಿ ನಡೆಸುವ ಭಕ್ತರಿಗೆ ಕೆಲವು ಸಲಹೆಗಳಿವೆ. ಸ್ಟ್ರಾದ ಡಬ್ಬಿಯನ್ನು ಗಿರಾಕಿಯ ಕೈಗೆಟುಕುವಲ್ಲಿ ಇಡದೆ ಒಳಗೆ ಇಡಿ. ‘ಸ್ಟ್ರಾ ಬೇಕಾದವರು ಕೇಳಿ ಪಡೆಯಿರಿ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಿ. ಕೇಳಿದವರಿಗೆ ನಗುಮುಖದಿಂದ ಕೊಡಿ. ಅಂಗಡಿಯಲ್ಲೇ ಕುಡಿಯುವವರಿಗೆ ಗಾಜಿನ ಅಥವಾ ಸ್ಟೀಲ್ ಲೋಟ ಕೊಡಿ. ಲೋಟ ತೊಳೆಯಲು ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆಯುವುದು ಸಾಲದು. ಸೋಪು, ಹರಿಯುವ ನೀರು, ಕೊನೆಗೆ ಕುದಿವ ನೀರು ಈ ಮೂರೂ ಬೇಕು. ಲೋಟದ ಶುಚಿತ್ವದಲ್ಲಿ ನಂಬಿಕೆ ಬಂದರೆ ಜನ ತಾವಾಗಿಯೇ ಸ್ಟ್ರಾ ಬಿಡುತ್ತಾರೆ. ಸ್ಟ್ರಾ ಕೇಳುವವರಲ್ಲಿ ಅನೇಕರು ಲೋಟದ ಅಂಚಿನ ಬಗ್ಗೆ ಸಂಶಯವಿದ್ದು ಕೇಳುವವರು. ಎಳನೀರಿನವರು ನಾಲ್ಕು ಸ್ಟೀಲ್ ಲೋಟ ಇಟ್ಟುಕೊಂಡರೆ, ಕಾಯಿಯನ್ನೇ ಎತ್ತಿ ಕುಡಿಯಲಾಗದವರಿಗೆ ಅನುಕೂಲ.

ಮನೆಯಲ್ಲಿ, ಮಠದಲ್ಲಿ

ಮಕ್ಕಳಿಗೆ ಎರಡು ವರ್ಷದೊಳಗೆ ತೆರೆದ ಲೋಟದಲ್ಲಿ ಕುಡಿಯಲು ಕಲಿಸಿ. ಆರಂಭದಲ್ಲಿ ಚೆಲ್ಲುತ್ತಾರೆ, ಚೆಲ್ಲಲಿ. ತುಟಿ, ನಾಲಗೆ, ಕೈಗಳ ಹೊಂದಾಣಿಕೆ ಅದರಿಂದಲೇ ಬರುತ್ತದೆ. ಹುಟ್ಟುಹಬ್ಬಕ್ಕೆ ಪೊಟ್ಟಣದ ಪಾನೀಯ ತರುವ ಬದಲು ಬೇಲದ ಹಣ್ಣಿನ ಪಾನಕ, ನಿಂಬೆ ಪಾನಕ, ಮಜ್ಜಿಗೆ ಇವುಗಳನ್ನು ಲೋಟದಲ್ಲಿ ಕೊಡಿ. ಮನೆಯಲ್ಲಿ ರೋಗಿಯಿದ್ದರೆ ಎರಡು ಸಿಲಿಕೋನ್ ಸ್ಟ್ರಾ, ಒಂದು ಸಣ್ಣ ಬ್ರಷ್ ಇಟ್ಟುಕೊಳ್ಳಿ. ಬಳಸಿದ ಕೂಡಲೇ ತೊಳೆದು, ದಿನಕ್ಕೊಮ್ಮೆ ಕುದಿಸಿ. ಹೊರಗೆ ಹೋಗುವಾಗ ಅದರಲ್ಲೊಂದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಳ್ಳಿ. ನಡುಗುವ ಕೈಗಳಿಗೆ ಎರಡು ಹಿಡಿಯ ಭಾರದ ಲೋಟ, ಅರ್ಧಕ್ಕಷ್ಟೇ ತುಂಬಿದ ಲೋಟ ಕೂಡ ನೆರವಾಗುತ್ತವೆ.

ಜಾತ್ರೆ, ಗಣಾರಾಧನೆ, ಮದುವೆಗಳಲ್ಲಿ ಪಾನಕ ಮಜ್ಜಿಗೆಗಳ ದಾಸೋಹ ಮಾಡುವ ಭಕ್ತರು ಸ್ಟೀಲ್ ಲೋಟಗಳನ್ನೇ ಬಳಸಬೇಕೆಂದು ವಿನಂತಿ. ಲೋಟ ತೊಳೆಯುವ ಸೇವೆಯೂ ದಾಸೋಹದ ಭಾಗವೇ. ಹತ್ತು ಜನ ಯುವಕರು ಸರದಿಯಲ್ಲಿ ನಿಂತರೆ ಸಾವಿರ ಜನರ ಲೋಟ ಶುದ್ಧವಾಗುತ್ತದೆ. ಮರುದಿನ ಆವರಣ ಗುಡಿಸುವವರ ಬೆನ್ನಿಗೂ ವಿಶ್ರಾಂತಿ ಸಿಗುತ್ತದೆ. ಅಲ್ಲಿಗೆ ಬರುವ ಅಶಕ್ತರಿಗಾಗಿ ಗರಿಯ ಸ್ಟ್ರಾಗಳ ಒಂದು ಕಟ್ಟು ಬಡಿಸುವವರ ಬಳಿ ಇರಲಿ.

ಹೀಗೆ ವಿಚಾರಿಸಿದಾಗ ತಾಯಂದಿರ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಆರೋಗ್ಯವಂತ ಮಗುವಿಗೆ ಎಲ್ಲಕ್ಕಿಂತ ಒಳ್ಳೆಯದು ಶುಚಿಯಾದ ಲೋಟ. ಅಪರೂಪಕ್ಕೆ ಸ್ಟ್ರಾ ಬೇಕೆನಿಸಿದರೆ ತೆಂಗಿನ ಗರಿಯದು, ಅದಿಲ್ಲದಿದ್ದರೆ ಕಾಗದದ್ದು. ಅಶಕ್ತರಿಗೆ ಬಾಗುವ, ತೊಳೆದು ಬಳಸುವ ಸ್ಟ್ರಾ. ಸೇವಿಸುವ ವ್ಯಕ್ತಿಯನ್ನು ನೋಡಿ ಸಾಧನವನ್ನು ಆರಿಸಿದರೆ ದೇಹಕ್ಕೂ ಕ್ಷೇಮ, ನೆಲಕ್ಕೂ ಕ್ಷೇಮ. ಸರ್ವರಿಗೂ ಆರೋಗ್ಯಭಾಗ್ಯ ಲಭಿಸಲಿ.